ಒಂದೇ ಕಾಲು, ಒಂದೇ ಕೇಸ್‌ಶೀಟು: ಕಾಸರಗೋಡಿನ ಆನೆಕಾಲು ಚಿಕಿತ್ಸೆಯ ಪ್ರಕರಣ

ಹಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಈಗ ಎರಡು ಬೋರ್ಡು ಕಾಣುತ್ತವೆ. ಒಂದು ಕೋಣೆಯಲ್ಲಿ ಎಂಬಿಬಿಎಸ್ ಡಾಕ್ಟರು, ಪಕ್ಕದ ಕೋಣೆಯಲ್ಲಿ ಆಯುಷ್ (ಆಯುರ್ವೇದ, ಯೋಗ, ಹೋಮಿಯೋಪಥಿಯಂಥ ಪದ್ಧತಿಗಳ) ಡಾಕ್ಟರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಶುರುವಾದಾಗ 'ಆಯುಷ್ ಅನ್ನು ಮುಖ್ಯವಾಹಿನಿಗೆ ತರಬೇಕು' ಎಂದು ಸರ್ಕಾರ ಹೇಳಿತು. ಅದರ ಮುಖ್ಯ ಫಲ ಇದು. ಗೋಡೆ ಒಂದೇ ಆಯಿತು. ಆದರೆ ಹೆಚ್ಚಿನ ಕಡೆ ಓಪಿಡಿ ರಿಜಿಸ್ಟರ್ ಬೇರೆ, ಔಷಧಿ ಇಂಡೆಂಟ್ (ಬೇಡಿಕೆ ಪಟ್ಟಿ) ಬೇರೆ, ಮೇಲಧಿಕಾರಿ ಬೇರೆ. ಎಡಗಡೆ ಕೋಣೆಯಲ್ಲಿ ಏನು ಬರೆದುಕೊಟ್ಟರು ಅಂತ ಬಲಗಡೆ ಕೋಣೆಗೆ ಗೊತ್ತಿರುವುದಿಲ್ಲ. ರೋಗಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಇದನ್ನೇ ಕೂಡಿಸುವುದು ಅಂತ ಕರೆಯಬಹುದಾ? ನನಗೆ ಅನುಮಾನ. ಎರಡು ವೈದ್ಯಪದ್ಧತಿ ನಿಜವಾಗಿ ಕೂಡಿ ಕೆಲಸ ಮಾಡಿದರೆ ಹೇಗಿರುತ್ತದೆ ಅನ್ನುವುದಕ್ಕೆ ನಮ್ಮ ಪಕ್ಕದಲ್ಲೇ ಒಂದು ಉದಾಹರಣೆ ಇದೆ. ಕಾಸರಗೋಡು ಪೇಟೆಯ ಹತ್ತಿರ, ಮಧೂರಿಗೆ ಹೋಗುವ ದಾರಿಯ ಉಳಿಯತ್ತಡ್ಕದಲ್ಲಿ ಇರುವ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ. ಚರ್ಮರೋಗ ತಜ್ಞ ಡಾ. ಎಸ್.ಆರ್. ನರಹರಿ ಮತ್ತು ಜೊತೆಗಾರರು 1999ರಲ್ಲಿ ಕಟ್ಟಿದ ಲಾಭದ ಉದ್ದೇಶ ಇಲ್ಲದ ಸಂಸ್ಥೆ ಅದು. ಅವರು ಹಿಡಿದ ಕಾಯಿಲೆ ಆನೆಕಾಲು. ಅಲ್ಲಿ ಏನು ಮಾಡಿದರು, ಅದರಲ್ಲಿ ಏನು ಸಾಬೀತಾಗಿದೆ, ಏನು ಆಗಿಲ್ಲ, ಕಲಬುರಗಿಯವರೆಗೆ ಬಂದ ಆ ಪ್ರಯೋಗ ಸರ್ಕಾರಿ ವ್ಯವಸ್ಥೆಯೊಳಗೆ ಇಳಿಯುವುದು ಯಾಕೆ ಕಷ್ಟ, ಇಷ್ಟನ್ನು ಇಲ್ಲಿ ನೋಡೋಣ.

ಕಾಯಿಲೆ ಯಾವುದು, ಸರ್ಕಾರ ಏನು ಮಾಡುತ್ತಿದೆ

ಆನೆಕಾಲಿಗೆ ಕಾರಣ ದಾರದಂಥ ಸಣ್ಣ ಹುಳು. ನಮ್ಮ ದೇಶದಲ್ಲಿ ಹೆಚ್ಚಾಗಿ ವುಚೆರೇರಿಯಾ ಬ್ಯಾಂಕ್ರಾಫ್ಟಿ. ಕೊಳಚೆ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಇದನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತದೆ. ಬೆಳೆದ ಹುಳು ಲಿಂಫ್ ನಾಳಗಳಲ್ಲಿ, ಅಂದರೆ ಮೈಯೊಳಗೆ ಉಳಿದ ದ್ರವವನ್ನು ರಕ್ತಕ್ಕೆ ಮರಳಿಸುವ ನಾಳಗಳಲ್ಲಿ, ವರ್ಷಗಟ್ಟಲೆ ಕೂರುತ್ತದೆ. ಅದರ ಮರಿಗಳು ರಾತ್ರಿ ಹೊತ್ತು ಮಾತ್ರ ರಕ್ತಕ್ಕೆ ಬರುತ್ತವೆ. ಆರೋಗ್ಯ ಇಲಾಖೆಯವರು ರಾತ್ರಿ ಮನೆ ಬಾಗಿಲು ತಟ್ಟಿ ಬೆರಳಿನಿಂದ ರಕ್ತ ತೆಗೆಯುವುದು ಇದೇ ಕಾರಣಕ್ಕೆ. ಹುಳು ಕೂತ ಜಾಗದಲ್ಲಿ ನಾಳ ಹಿಗ್ಗಿ ಕೆಲಸ ಕೆಡುತ್ತದೆ. ಮೇಲಕ್ಕೆ ಹರಿಯಬೇಕಾದ ದ್ರವ ಕಾಲಿನಲ್ಲೇ ನಿಲ್ಲುತ್ತದೆ.

ಕರ್ನಾಟಕದಲ್ಲಿ ಇದು ಎರಡು ಭಾಗಗಳಲ್ಲಿ ಇದೆ. ಒಂದು ಕರಾವಳಿ: ದಕ್ಷಿಣ ಕನ್ನಡ, ಉಡುಪಿ, ಉತ್ತರ ಕನ್ನಡ. ಇನ್ನೊಂದು ಮೇಲುಗಡೆ: ಕಲಬುರಗಿ, ಯಾದಗಿರಿ, ಬೀದರ್, ರಾಯಚೂರು, ವಿಜಯಪುರ, ಬಾಗಲಕೋಟೆ. ಕೇರಳದ ಚೇರ್ತಲ ಕಡೆ ಇನ್ನೊಂದು ಜಾತಿಯ ಹುಳು, ಬ್ರೂಜಿಯಾ ಮಲಾಯಿ, ಬಹಳ ಕಾಲ ಕಾಡಿತ್ತು. ಕೆರೆಯಲ್ಲಿ ತೇಲುವ ಅಂತರಗಂಗೆ ಗಿಡದ ಬೇರಿಗೆ ಅಂಟಿಕೊಂಡು ಬೆಳೆಯುವ ಸೊಳ್ಳೆ ಅದನ್ನು ಹರಡುತ್ತಿತ್ತು. ಎಂಬತ್ತರ ದಶಕದಲ್ಲಿ ಜನರನ್ನೇ ಸೇರಿಸಿಕೊಂಡು ಆ ಗಿಡ ಕೀಳಿಸಿದ್ದು ಅಲ್ಲಿನ ಒಂದು ದೊಡ್ಡ ಕತೆ. ಮಲಯಾಳದ ಐತಿಹ್ಯದಲ್ಲಿ ನಾರಾಣತ್ತು ಭ್ರಾಂತನ್ ಎಂಬ ಮಹಾನುಭಾವ ಸ್ಮಶಾನದ ದೇವಿ ಪ್ರತ್ಯಕ್ಷವಾಗಿ ವರ ಕೇಳು ಅಂದಾಗ, ಎಡಗಾಲಿನ ಆನೆಕಾಲನ್ನು ಬಲಗಾಲಿಗೆ ಬದಲಿಸು ಅಂದನಂತೆ. ವಾಸಿ ಮಾಡು ಅಂತ ಕೇಳಲಿಲ್ಲ ನೋಡಿ! ಈ ಕಾಯಿಲೆ ಬಗ್ಗೆ ಆ ನಾಡಿನವರಿಗೆ ಎಷ್ಟು ಪರಿಚಯ ಇತ್ತು ಅನ್ನುವುದಕ್ಕೆ ಇದು ಸಾಕು.

ಸರ್ಕಾರದ ಕೆಲಸ ಹಳೆಯದೇ. ರಾಷ್ಟ್ರೀಯ ಫೈಲೇರಿಯಾ (ಈ ಹುಳುವಿನ ಕಾಯಿಲೆಗೆ ವೈದ್ಯರ ಹೆಸರು) ನಿಯಂತ್ರಣ ಕಾರ್ಯಕ್ರಮ ಶುರುವಾದದ್ದು 1955ರಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯ ಜಾಗತಿಕ ನಿರ್ಮೂಲನ ಕಾರ್ಯಕ್ರಮ 2000ದಲ್ಲಿ ಬಂತು. 2004ರಿಂದ ನಮ್ಮಲ್ಲಿ ವರ್ಷಕ್ಕೊಮ್ಮೆ ಊರಿಗೆ ಊರೇ ಡಿಇಸಿ ಎಂಬ ಹುಳುವಿನ ಮಾತ್ರೆ ನುಂಗುವ ಸಾಮೂಹಿಕ ಔಷಧ ವಿತರಣೆ ನಡೆಯುತ್ತಿದೆ. ಆಮೇಲೆ ಅದಕ್ಕೆ ಆಲ್ಬೆಂಡಜೋಲ್ ಎಂಬ ಇನ್ನೊಂದು ಹುಳುವಿನ ಮಾತ್ರೆ ಸೇರಿತು. 2018ರ ನಂತರ ಕೆಲವು ಜಿಲ್ಲೆಗಳಲ್ಲಿ ಐವರ್‌ಮೆಕ್ಟಿನ್ ಕೂಡ. ಮೊದಲು 2015ಕ್ಕೆ ಮುಗಿಸುತ್ತೇವೆ ಅಂದಿದ್ದರು. ಈಗಿನ ಗುರಿ 2027.

ಈ ಮಾತ್ರೆಗಳು ರಕ್ತದಲ್ಲಿರುವ ಮರಿಹುಳುಗಳನ್ನು ಕಡಿಮೆ ಮಾಡುತ್ತವೆ. ಹೊಸಬರಿಗೆ ಹರಡುವುದು ನಿಲ್ಲುತ್ತದೆ. ಆದರೆ ಇಪ್ಪತ್ತು ವರ್ಷದಿಂದ ಊದಿಕೊಂಡ ಕಾಲು ಮಾತ್ರೆಯಿಂದ ಇಳಿಯುವುದಿಲ್ಲ. ಆ ಕಾಲಿನಲ್ಲಿ ಈಗ ಹುಳುವೇ ಇಲ್ಲದಿರಬಹುದು. ಉಳಿದಿರುವುದು ಕೆಟ್ಟ ನಾಳ, ದಪ್ಪ ಚರ್ಮ, ಬೆರಳ ಸಂದಿಯ ಬಿರುಕು. ಆ ಬಿರುಕಿನಿಂದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಆಗ ಚಳಿಜ್ವರ, ತೊಡೆಸಂದಿಯಲ್ಲಿ ಗಡ್ಡೆ, ಕಾಲು ಕೆಂಪಾಗಿ ಉರಿ. ನಾಲ್ಕೈದು ದಿನ ಕೂಲಿ ಹೋಯಿತು. ಜ್ವರ ಇಳಿದರೂ ಕಾಲು ಮೊದಲಿನ ಅಳತೆಗೆ ಬರುವುದಿಲ್ಲ. ಪ್ರತಿ ಸಲ ಇನ್ನೊಂದಿಷ್ಟು ದಪ್ಪ. ರೋಗಿಗೆ ನಿಜವಾದ ಶತ್ರು ಈಗ ಹುಳು ಅಲ್ಲ, ಈ ಜ್ವರ.

ಅಂದರೆ ಆರೋಗ್ಯ ಇಲಾಖೆಯ ಕಾರ್ಯಕ್ರಮ ಊರಿಗೆ ಉಪಕಾರ ಮಾಡುತ್ತದೆ, ಈಗಾಗಲೇ ಕಾಲು ಊದಿಕೊಂಡ ಆಸಾಮಿಗೆ ಅಷ್ಟಾಗಿ ಅಲ್ಲ. ಕಾಸರಗೋಡಿನವರು ಕೈ ಹಾಕಿದ್ದು ಈ ಬಿಟ್ಟುಹೋದ ಜಾಗಕ್ಕೆ.

ಹಳೆಯ ಪುಸ್ತಕ ಏನು ಹೇಳುತ್ತದೆ

ಆಯುರ್ವೇದದಲ್ಲಿ ಇದಕ್ಕೆ ಶ್ಲೀಪದ ಅನ್ನುತ್ತಾರೆ. ಹಳೆ ನೀರು ನಿಂತಿರುವ, ಎಲ್ಲ ಕಾಲದಲ್ಲೂ ತಂಪಾಗಿರುವ ಪ್ರದೇಶದಲ್ಲಿ ಇದು ಜಾಸ್ತಿ ಎಂದು ಸುಶ್ರುತ ಸಂಹಿತೆ ಹೇಳುತ್ತದೆ. ಸೊಳ್ಳೆಯ ವಿಷಯ ಗೊತ್ತಿಲ್ಲದ ಕಾಲದಲ್ಲಿ ಇದು ಒಳ್ಳೆಯ ಗಮನಿಕೆಯೇ. ಆದರೆ ಅದೇ ಗ್ರಂಥ ಇನ್ನೊಂದು ಮಾತನ್ನೂ ಹೇಳುತ್ತದೆ: ವರ್ಷ ದಾಟಿದ್ದು, ತೀರಾ ದೊಡ್ಡದಾದದ್ದು, ಹುತ್ತದ ಹಾಗೆ ಗಂಟುಗಂಟಾದದ್ದು, ನೀರು ಸೋರುವಂಥದ್ದು ಚಿಕಿತ್ಸೆ ಮಾಡದೆ ಬಿಡತಕ್ಕದ್ದು. ಅಂದರೆ ವೈದ್ಯ ಕೈ ಹಾಕಬಾರದು.

ನನಗೆ ಈ ಪ್ರಕರಣದಲ್ಲಿ ಬಹಳ ಆಸಕ್ತಿ ಹುಟ್ಟಿಸಿದ್ದು ಇದು. 'ನಮ್ಮ ಶಾಸ್ತ್ರದಲ್ಲಿ ಎಲ್ಲ ಇದೆ' ಅನ್ನುವವರಿಗೂ ಇಲ್ಲಿ ಜಾಗ ಇಲ್ಲ. ಕಾಸರಗೋಡಿಗೆ ಬರುವ ಹೆಚ್ಚಿನ ಕಾಲುಗಳು ಶಾಸ್ತ್ರವೇ ಕೈಬಿಟ್ಟವು. ಇತ್ತ ಆಧುನಿಕ ವೈದ್ಯವೂ ಹಳ್ಳಿಯ ರೋಗಿಯನ್ನು ಬಹುಮಟ್ಟಿಗೆ ಕೈಬಿಟ್ಟಿತ್ತು. ಯುರೋಪಿನಲ್ಲಿ ಊದಿದ ಕಾಲಿಗೆ ಒಳ್ಳೆಯ ಚಿಕಿತ್ಸೆ ಇದೆ. ಲಿಂಫ್ ಮಸಾಜು ಕಲಿತ ಥೆರಪಿಸ್ಟ್, ಒಳ್ಳೆಯ ಬ್ಯಾಂಡೇಜು, ಅಳತೆಗೆ ಹೊಲಿದ ಒತ್ತು ಸಾಕ್ಸು. ಆದರೆ ಅದನ್ನೆಲ್ಲ ಕಲಬುರಗಿಯ ಹಳ್ಳಿಯಲ್ಲಿ ಯಾರು ಕೊಡಬೇಕು? ಎರಡೂ ಕಡೆಯವರಿಗೆ ತಮ್ಮ ಕೈಲಿ ಪೂರ್ತಿ ಆಗುವುದಿಲ್ಲ ಅಂತ ಗೊತ್ತಿದ್ದ ಕಾಯಿಲೆ ಇದು. ಬಹುಶಃ ಅದಕ್ಕೇ ಕೂಡುವುದು ಸಾಧ್ಯವಾಯಿತು. ಸಕ್ಕರೆ ಕಾಯಿಲೆಗೋ ಬಿಪಿಗೋ ಹೀಗೆ ಕೂರಿಸಿದ್ದರೆ ಮೊದಲ ದಿನವೇ ಜಗಳ ಆಗುತ್ತಿತ್ತು ಅಂತ ನನ್ನ ಅಂದಾಜು.

ಒಂದು ಕಾಲಿಗೆ ದಿನಕ್ಕೆ ಏನೇನು

ಆಕ್ಸ್‌ಫರ್ಡಿನ ನಿವೃತ್ತ ಚರ್ಮರೋಗ ಪ್ರಾಧ್ಯಾಪಕ ಟೆರೆನ್ಸ್ ರಯಾನ್ ಮೊದಲಿನಿಂದ ಈ ಗುಂಪಿಗೆ ಮಾರ್ಗದರ್ಶಕರು. ಚರ್ಮದ ಮೇಲ್ಪದರ ಬಿರುಕಿಲ್ಲದೆ ಸುಸ್ಥಿತಿಯಲ್ಲಿದ್ದರೆ ಕಾಲು ಅರ್ಧ ಉಳಿದಂತೆ ಅನ್ನುವುದು ಅವರ ಹಾದಿ. ಅದರಿಂದ ಇಡೀ ಚಿಕಿತ್ಸೆ ಚರ್ಮದಿಂದ ಶುರುವಾಗುತ್ತದೆ. ಔಷಧಿಯಿಂದ ಅಲ್ಲ.

ಮೊದಲು ಚರ್ಮರೋಗದ ಡಾಕ್ಟರು ನೋಡುತ್ತಾರೆ. ಇದು ನಿಜಕ್ಕೂ ಆನೆಕಾಲೇ? ಹೃದಯ, ಮೂತ್ರಪಿಂಡ, ರಕ್ತನಾಳದ ಹೆಪ್ಪಿನಿಂದ ಬಂದ ಊತ ಅಲ್ಲವಲ್ಲ? ಇದನ್ನು ತೀರ್ಮಾನಿಸುವುದು ಆಧುನಿಕ ವೈದ್ಯದ ಕೆಲಸ. ಇದರಲ್ಲಿ ರಾಜಿ ಇಲ್ಲ. ಹೆಪ್ಪುಗಟ್ಟಿದ ಕಾಲನ್ನು ತಿಕ್ಕಿದರೆ ಪ್ರಾಣಕ್ಕೇ ಸಂಚಕಾರ. ಆಮೇಲೆ ಬ್ಯಾಕ್ಟೀರಿಯಾ ನುಗ್ಗುವ ಬಾಗಿಲುಗಳನ್ನು ಹುಡುಕುತ್ತಾರೆ: ಬೆರಳ ಸಂದಿಯ ಬಿಳಿ ಕೊಳೆತ, ಹಿಮ್ಮಡಿಯ ಬಿರುಕು, ಕಜ್ಜಿ, ಚರ್ಮದ ಮಡಿಕೆಯೊಳಗಿನ ಹುಣ್ಣು. ಫಂಗಸ್ ಇದ್ದರೆ ಅದಕ್ಕೆ ಮುಲಾಮು, ಸೋಂಕು ಇದ್ದರೆ ಆ್ಯಂಟಿಬಯಾಟಿಕ್. ಅದೇ ಹೊತ್ತಿಗೆ ಆಯುರ್ವೇದದ ಡಾಕ್ಟರೂ ಅದೇ ರೋಗಿಯನ್ನು ನೋಡಿ ವಾತ, ಪಿತ್ತ, ಕಫಗಳ ಲೆಕ್ಕದಲ್ಲಿ ಯಾವ ತೈಲ, ಯಾವ ಕಷಾಯ ಅಂತ ನಿರ್ಧರಿಸುತ್ತಾರೆ. ಇಬ್ಬರೂ ಬರೆಯುವುದು ಒಂದೇ ಕೇಸ್‌ಶೀಟಿನಲ್ಲಿ.

ಆಮೇಲೆ ದಿನದ ಕೆಲಸ. ಸಾಬೂನು ಹಾಕಿ ಕಾಲು ತೊಳೆಯುವುದು. ಕೇಳಲು ಸುಲಭ. ಮಡಿಕೆ ಮಡಿಕೆಯಾದ ಕಾಲಿನಲ್ಲಿ ಪ್ರತಿ ಮಡಿಕೆ ಬಿಡಿಸಿ, ಬೆರಳ ನಡುವೆ ಬೆರಳು ತೂರಿಸಿ ತೊಳೆಯಬೇಕು. ಕೆಲವರ ಬೆರಳುಗಳು ಎಷ್ಟು ಒತ್ತಾಗಿ ಕೂತಿರುತ್ತವೆ ಎಂದರೆ ಸಂದಿಯೇ ಸಿಗುವುದಿಲ್ಲ, ಬಟ್ಟೆಯ ತುದಿ ತೂರಿಸಿ ಎಳೆಯಬೇಕು. ತೊಳೆದದ್ದಕ್ಕಿಂತ ಒರೆಸಿದ್ದು ಮುಖ್ಯ. ತೇವ ಉಳಿದರೆ ಫಂಗಸ್ ಮರಳುತ್ತದೆ.

"ಬೆರಳ ಸಂದಿ ಒರಸೀರೇನ್ರಿ, ಯಕ್ಕಾ?"

"ಹೂಂ ಅಕ್ಕೋರ, ಒರಸೀನ್ರಿ."

"ಕಿರಿಬೆರಳಿಂದು?"

ಕಲಬುರಗಿ ಕಡೆ ಮನೆಗೆ ಹೋಗುವ ಆಶಾ ಕಾರ್ಯಕರ್ತೆ ಒಬ್ಬರು ಹೀಗೆ ಕೇಳುತ್ತಾರೆ ಅಂದುಕೊಳ್ಳಿ. ಈ ಮೂರನೇ ಪ್ರಶ್ನೆ ಇದೆಯಲ್ಲ, ಅದರಲ್ಲಿ ಅರ್ಧ ಚಿಕಿತ್ಸೆ ಇದೆ. ಕಿರಿಬೆರಳ ಸಂದಿಯನ್ನೇ ಎಲ್ಲರೂ ಮರೆಯುವುದು.

ತೊಳೆದ ಮೇಲೆ ಫಾಂಟ. ಗಿಡಮೂಲಿಕೆ ಪುಡಿಯನ್ನು ಕುದಿಸುವುದಿಲ್ಲ, ಬಿಸಿನೀರಿಗೆ ಹಾಕಿ ಚಹಾಪುಡಿಯ ಹಾಗೆ ನೆನೆಯಲು ಬಿಟ್ಟು ಸೋಸುವುದು. ಆ ನೀರಿನಲ್ಲಿ ಕಾಲು ಅದ್ದಿ ಸ್ವಲ್ಪ ಹೊತ್ತು ಕೂರಬೇಕು. ದಪ್ಪ ಚರ್ಮ ಮೆದುವಾಗುತ್ತದೆ. ಕಾಲಿನ ವಾಸನೆ ಹೋಗುತ್ತದೆ. ವಾಸನೆಯ ವಿಷಯ ಹಗುರ ಅಂದುಕೊಳ್ಳಬೇಡಿ. ಈ ರೋಗಿಗಳು ಮದುವೆಗೆ, ಸಂತೆಗೆ ಹೋಗುವುದು ಬಿಡುವುದು ಎಷ್ಟೋ ಸಲ ಕಾಲಿನ ಗಾತ್ರಕ್ಕಲ್ಲ, ವಾಸನೆಗೆ.

ಆಮೇಲೆ ಮಸಾಜು. ಯುರೋಪಿನ ಲಿಂಫ್ ಮಸಾಜನ್ನು ರೂಪಿಸಿದವರು ಡೆನ್ಮಾರ್ಕಿನ ಎಮಿಲ್ ವೊಡ್ಡರ್, 1930ರ ದಶಕದಲ್ಲಿ. ಅದಕ್ಕೆ ತರಬೇತಾದ ಕೈ ಬೇಕು. ನಮ್ಮಲ್ಲಿ ಎಣ್ಣೆ ತಿಕ್ಕುವುದು ಮನೆಮನೆಗೂ ಗೊತ್ತು. ಆದರೆ ಮಾಮೂಲಿ ಅಭ್ಯಂಗದಲ್ಲಿ ಕೈ ರೋಮದ ದಿಕ್ಕಿಗೆ, ಮೇಲಿನಿಂದ ಕೆಳಗೆ ಹೋಗುತ್ತದೆ. ಊದಿದ ಕಾಲಿಗೆ ಅದು ತಿರುಗಾಮುರುಗಾ. ರೋಮದ ಎದುರು ದಿಕ್ಕಿಗೆ ತಿಕ್ಕುವ ಉದ್ವರ್ತನ ಎಂಬ ಕ್ರಮವೂ ಆಯುರ್ವೇದದಲ್ಲಿ ಇದೆ. ಲಿಂಫ್ ಹರಿಯಬೇಕಾದ ದಿಕ್ಕೂ ಅದೇ. ಕಾಸರಗೋಡಿನವರು ಲಿಂಫ್ ನಾಳಗಳ ನಕ್ಷೆಯನ್ನು ಅಲ್ಲಿಂದ, ಎಣ್ಣೆ ಮತ್ತು ಕೈಚಳಕವನ್ನು ಇಲ್ಲಿಂದ ತೆಗೆದುಕೊಂಡು 'ಇಂಡಿಯನ್ ಮ್ಯಾನ್ಯುಯಲ್ ಲಿಂಫ್ ಡ್ರೈನೇಜ್' ಅಂತ ಒಂದು ಕ್ರಮ ಮಾಡಿದರು. ರೋಗಿಯ ಮನೆಯವರೇ ಕಲಿತು ಮಾಡಬಹುದು. ಥೆರಪಿಸ್ಟ್ ಬೇಡ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಆಯುರ್ವೇದವನ್ನು ಇದ್ದ ಹಾಗೆಯೇ ಎತ್ತಿ ತಂದು ಇಡಲಿಲ್ಲ. ಅಂಗರಚನೆ ಯಾವ ದಿಕ್ಕು ಅಂತ ಹೇಳಿತು. ಆ ದಿಕ್ಕಿಗೆ ಹೊಂದುವ ಕ್ರಮವನ್ನು ಆಯುರ್ವೇದದೊಳಗೆ ಹುಡುಕಿದರು. ಹೊಂದದ್ದನ್ನು ಬಿಟ್ಟರು. ಇದು ಇಬ್ಬರಿಗೂ ಸುಲಭದ ಮಾತಲ್ಲ.

ಮಸಾಜು ಮುಗಿದ ಮೇಲೆ ಬ್ಯಾಂಡೇಜು ಸುತ್ತುವುದು, ಪಾದದಿಂದ ಮೇಲಕ್ಕೆ, ಕೆಳಗೆ ಬಿಗಿ, ಮೇಲೆ ಸಡಿಲ. ಜೊತೆಗೆ ಯೋಗ. ಆಸನಗಳು ಕಾಲಿನ ಸ್ನಾಯು ಆಡಿಸುವಂಥವು. ಬ್ಯಾಂಡೇಜಿನೊಳಗೆ ಸ್ನಾಯು ಆಡಿದರೆ ದ್ರವ ಮೇಲಕ್ಕೆ ಒತ್ತಲ್ಪಡುತ್ತದೆ. ಹೊಟ್ಟೆಯಿಂದ ಉಸಿರಾಡಿದರೆ ಎದೆಯೊಳಗಿನ ಒತ್ತಡ ಬದಲಾಗಿ ದೊಡ್ಡ ಲಿಂಫ್ ನಾಳ ದ್ರವವನ್ನು ಎಳೆದುಕೊಳ್ಳುತ್ತದೆ. ಇದಕ್ಕೆ ಆಧ್ಯಾತ್ಮ ಬೇಕಿಲ್ಲ, ಶರೀರಶಾಸ್ತ್ರ ಸಾಕು.

ಇಷ್ಟೂ ದಿನಾ ಮಾಡಬೇಕು. ಮೊದಲ ಕೆಲವು ದಿನ ಕೇಂದ್ರದಲ್ಲಿ ಕಲಿಸುತ್ತಾರೆ, ಮನೆಯವರೊಬ್ಬರು ಜೊತೆಗಿದ್ದು ಕಲಿಯಬೇಕು, ಆಮೇಲೆ ಮನೆಯಲ್ಲಿ. ದಿನಕ್ಕೆ ಗಂಟೆಗಟ್ಟಲೆ ಹಿಡಿಯುತ್ತದೆ. ಹೊಲಕ್ಕೆ ಹೋಗುವ ಹೆಂಗಸಿಗೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು ಅನ್ನುವುದು ಇಡೀ ಚಿಕಿತ್ಸೆಯ ಅತಿ ಕಷ್ಟದ ಪ್ರಶ್ನೆ. ಅದಕ್ಕೆ ಆಯುರ್ವೇದದಲ್ಲೂ ಉತ್ತರ ಇಲ್ಲ, ಅಲೋಪತಿಯಲ್ಲೂ ಇಲ್ಲ.

ಫಲ ಏನಾಯಿತು

2007ರಲ್ಲಿ 'ಲಿಂಫಾಲಜಿ' ಪತ್ರಿಕೆಯಲ್ಲಿ ಅವರ ಮೊದಲ ದೊಡ್ಡ ವರದಿ ಬಂತು. 112 ರೋಗಿಗಳು, 149 ಕಾಲುಗಳು, 194 ದಿನಗಳ ಕಾರ್ಯಕ್ರಮ. ಕಾಲಿನ ಸುತ್ತಳತೆ ಇಳಿಯಿತು, ಜ್ವರದ ದಾಳಿ ಕಡಿಮೆಯಾಯಿತು, ಸೋಂಕು ನುಗ್ಗುವ ಜಾಗಗಳು ಕಡಿಮೆಯಾದವು. ಆಮೇಲೆ ಇದನ್ನೇ ಕೇಂದ್ರದಿಂದ ಹೊರಗೆ, ಊರಿನ ಮಟ್ಟದಲ್ಲಿ ಮಾಡಿ ನೋಡಿದರು. ಆರಿಸಿಕೊಂಡದ್ದು ಕೇರಳದ ಆಲಪ್ಪುಳ ಮತ್ತು ನಮ್ಮ ಕಲಬುರಗಿ. ಅದರ ವರದಿ 2013ರಲ್ಲಿ ಪ್ರಕಟವಾಯಿತು. ಅಲ್ಲೂ ಊತ ಇಳಿಯಿತು.

ಖುಷಿಯ ಸುದ್ದಿ. ಆದರೆ ಇಲ್ಲಿ ಸ್ವಲ್ಪ ಹುಷಾರಾಗಿ ಓದಬೇಕು. ಊರಿನ ಮಟ್ಟದ ಅಧ್ಯಯನದಲ್ಲಿ ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸಿಲ್ಲ. ಚಿಕಿತ್ಸೆಗೆ ಮುಂಚೆ ಮತ್ತು ನಂತರ ಅಳೆದಿದ್ದಾರೆ. ಇನ್ನೂ ಮುಖ್ಯವಾದದ್ದು: ತೊಳೆಯುವುದು, ಫಾಂಟ, ಎಣ್ಣೆ, ಯೋಗ, ಬ್ಯಾಂಡೇಜು, ಕಷಾಯ, ಆ್ಯಂಟಿಬಯಾಟಿಕ್ ಎಲ್ಲ ಒಟ್ಟಿಗೆ ಕೊಟ್ಟಾಗ ಫಲ ಯಾವುದರದ್ದು?

ಈ ಪ್ರಶ್ನೆ ಸುಮ್ನೆ ತಕರಾರು ಅಲ್ಲ. ಯಾಕೆಂದರೆ ಬರೀ ತೊಳೆಯುವುದಕ್ಕೇ ಬಲವಾದ ಪುರಾವೆ ಇದೆ. ಬ್ರೆಜಿಲಿನ ರೆಸಿಫೆಯಲ್ಲಿ ಡಾ. ಜೆರೂಸಾ ಡ್ರೇಯರ್ ತೊಂಬತ್ತರ ದಶಕದಲ್ಲೇ ಸಾಬೂನು, ನೀರು, ಕಾಲು ಎತ್ತಿಡುವುದು, ರೋಗಿಗಳ ಸಣ್ಣ ಸಂಘಗಳು, ಇಷ್ಟರಿಂದಲೇ ಜ್ವರದ ದಾಳಿ ತಗ್ಗುತ್ತದೆ ಅಂತ ತೋರಿಸಿದ್ದರು. ಹೈಟಿಯಲ್ಲೂ ಅದೇ ಅನುಭವ. 2015ರಲ್ಲಿ ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಶುಚಿ ಪಾಲಿಸಿದವರಲ್ಲಿ ಜ್ವರದ ದಾಳಿಯ ಸಂಭವ ಹೆಚ್ಚುಕಡಿಮೆ ಮೂರನೇ ಒಂದು ಪಾಲಿಗೆ ಇಳಿದಿತ್ತು. ಊತ ಇಳಿಸುವುದರಲ್ಲಿ ಬ್ಯಾಂಡೇಜಿನ ಪಾಲು ದೊಡ್ಡದು ಅಂತ ಜಗತ್ತಿನ ಲಿಂಫ್ ತಜ್ಞರು ಒಪ್ಪುತ್ತಾರೆ. ಹಾಗಾದರೆ ಕಷಾಯದ ಪಾಲು ಎಷ್ಟು? ಇದಕ್ಕೆ ಈ ವರದಿಗಳಿಂದ ಉತ್ತರ ತೆಗೆಯಲು ಆಗುವುದಿಲ್ಲ.

ನನ್ನ ಅಭಿಪ್ರಾಯ ಇಷ್ಟು. ಫಾಂಟ, ಎಣ್ಣೆ, ಮಸಾಜು ಚರ್ಮಕ್ಕೆ ಒಳ್ಳೆಯದು ಮಾಡುವುದನ್ನು ನಂಬುವುದು ಕಷ್ಟ ಅಲ್ಲ, ದಾರಿ ಕಾಣುತ್ತದೆ. ಹೊಟ್ಟೆಗೆ ಕೊಡುವ ಔಷಧಿಗೆ ಬೇರೆಯೇ ಪರೀಕ್ಷೆ ಬೇಕು. ಅದು ಖರ್ಚು, ಅದಕ್ಕೆ ಗುಣಮಟ್ಟದ ತಪಾಸಣೆ ಬೇಕು, ತಿಂಗಳುಗಟ್ಟಲೆ ಕುಡಿದರೆ ಪಿತ್ತಜನಕಾಂಗ (ಲಿವರ್), ಮೂತ್ರಪಿಂಡಗಳ ಮೇಲೆ ಕಣ್ಣಿಡಬೇಕು. ಸರ್ಕಾರ ಇದನ್ನು ಎತ್ತಿಕೊಳ್ಳುವುದಾದರೆ ಮೊದಲು ಹೊರಗಿನ ಭಾಗ ಎತ್ತಿಕೊಳ್ಳಲಿ. ಒಳಗಿನ ಔಷಧಿಗೆ ಎರಡು ಗುಂಪು ಮಾಡಿ ಸರಿಯಾಗಿ ಹೋಲಿಸಿ ನೋಡಲಿ, ಕಷಾಯ ಇದ್ದು ಒಂದು, ಇಲ್ಲದೆ ಒಂದು. ಇದಕ್ಕೆ ಆಯುರ್ವೇದದವರು ಬೇಸರ ಮಾಡಿಕೊಳ್ಳಬೇಕಾಗಿಲ್ಲ. ಗೆದ್ದರೆ ಅವರದೇ ಗೆಲುವು.

ಇನ್ನೊಂದು ಮಾತು. ತೊಳೆಯುವುದಷ್ಟೇ ಸಾಕು ಅನ್ನುವವರು ಒಂದು ವಿಷಯ ಮರೆಯುತ್ತಾರೆ. 'ಕಾಲು ತೊಳಕೊಂಡು ಇರಿ' ಅಂತ ಹೇಳಿ ಕಳಿಸಿದರೆ ಇಪ್ಪತ್ತು ವರ್ಷ ಊದಿದ ಕಾಲು ಹೊತ್ತವರು ತೊಳೆಯುವುದಿಲ್ಲ. 'ಇಷ್ಟು ದೂರ ಬಂದದ್ದು ಇದಕ್ಕಾ?' ಅನ್ನುತ್ತಾರೆ. ಅದೇ ತೊಳೆಯುವುದರ ಹಿಂದೆ ಎಣ್ಣೆ, ಮೂಲಿಕೆ ನೀರು, ಮನೆಯವರ ಕೈ ಇದ್ದರೆ ಅದು ಚಿಕಿತ್ಸೆ ಅನ್ನಿಸುತ್ತದೆ, ಮಾಡುತ್ತಾರೆ. ಪರಿಚಿತ ವೈದ್ಯದ ಈ ಬಲವನ್ನು ಅಳೆಯುವುದು ಕಷ್ಟ. ಆದರೆ ಸಾರ್ವಜನಿಕ ಆರೋಗ್ಯದಲ್ಲಿ ಜನ ಬಿಡದೆ ಮಾಡುತ್ತಾರಾ ಅನ್ನುವುದೇ ದೊಡ್ಡ ಪ್ರಶ್ನೆ ಅಲ್ವಾ?

ಸರ್ಕಾರಿ ಕೇಂದ್ರದ ಬಾಗಿಲಲ್ಲಿ

ಕಾಸರಗೋಡಿನಲ್ಲಿ ಸಾಧ್ಯವಾದದ್ದು ಕಲಬುರಗಿಯ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಯಾಕೆ ತಾನಾಗಿ ಆಗುವುದಿಲ್ಲ? ಅಲ್ಲಿ ಎಂಬಿಬಿಎಸ್ ಡಾಕ್ಟರು ಇರಬಹುದು, ಆಯುಷ್ ಡಾಕ್ಟರು ಇರಬಹುದು, ಆಶಾ ಇದ್ದೇ ಇರುತ್ತಾರೆ. ಆನೆಕಾಲು ರೋಗಿಗಳ ಹೆಸರಿನ ಪಟ್ಟಿಯನ್ನೂ ಇಲಾಖೆ ಮಾಡಿಸುತ್ತದೆ. ಜನ ಇದ್ದಾರೆ, ಪಟ್ಟಿ ಇದೆ.

ಮೊದಲ ತೊಡಕು ಇಲಾಖೆಯದು. ಫೈಲೇರಿಯಾ ಕಾರ್ಯಕ್ರಮ ಕೀಟಜನ್ಯ ರೋಗಗಳ ವಿಭಾಗದ್ದು. ಆಯುಷ್‌ಗೆ ಕೇಂದ್ರ ಸರ್ಕಾರದಲ್ಲಿ 2014ರಿಂದ ಬೇರೆ ಮಂತ್ರಾಲಯವೇ ಇದೆ. ಬೇರೆ ಮಂತ್ರಾಲಯ ಬಂದದ್ದರಿಂದ ಆಯುಷ್‌ಗೆ ದುಡ್ಡೂ ಗೌರವವೂ ಬಂತು, ಸರಿ. ಆದರೆ ಒಂದೇ ಕಾಲಿಗೆ ಎರಡು ಮಂತ್ರಾಲಯ ಆಯಿತು. ಕೇರಳದಲ್ಲಂತೂ ಭಾರತೀಯ ಚಿಕಿತ್ಸಾ ಇಲಾಖೆಗೆ ತನ್ನದೇ ಆಸ್ಪತ್ರೆ, ತನ್ನದೇ ಡಿಸ್ಪೆನ್ಸರಿಗಳ ದೊಡ್ಡ ಜಾಲ ಇದೆ. ಬಲ ಜಾಸ್ತಿ ಇದ್ದಷ್ಟೂ ಗೋಡೆಯೂ ಗಟ್ಟಿ.

ಎರಡನೆಯದು ಕಾನೂನು. ಒಂದು ಪದ್ಧತಿಯ ಡಾಕ್ಟರು ಇನ್ನೊಂದರ ಔಷಧಿ ಬರೆಯಬಹುದೇ ಅನ್ನುವುದು ಹಳೆಯ ವ್ಯಾಜ್ಯ. 1998ರ ಮುಖ್ತಿಯಾರ್ ಚಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ರಾಜ್ಯದ ಕಾನೂನು ಒಪ್ಪಿದ್ದರೆ ಮಾತ್ರ ಸಾಧ್ಯ ಎಂಬ ನಿಲುವು ತೆಗೆದುಕೊಂಡಿತು. ಟಿವಿಯಲ್ಲಿ, ಧರಣಿಯಲ್ಲಿ, ಎಲ್ಲ ಕಡೆ ಚರ್ಚೆ ಇದರ ಸುತ್ತಲೇ. ತಮಾಷೆ ಎಂದರೆ ಕಾಸರಗೋಡಿನ ಮಾದರಿಗೆ ಈ ಜಗಳವೇ ಬೇಕಾಗಿಲ್ಲ. ಅಲ್ಲಿ ಆಯುರ್ವೇದದವರು ಆ್ಯಂಟಿಬಯಾಟಿಕ್ ಬರೆಯುವುದಿಲ್ಲ, ಚರ್ಮರೋಗದವರು ಕಷಾಯ ಬರೆಯುವುದಿಲ್ಲ. ತಮ್ಮ ತಮ್ಮದು ಬರೆಯುತ್ತಾರೆ, ಆದರೆ ಒಂದೇ ಹಾಳೆಯಲ್ಲಿ, ಒಬ್ಬರ ಎದುರು ಒಬ್ಬರು. ಆಯುಷ್ ಡಾಕ್ಟರನ್ನು 'ಕಡಿಮೆ ಸಂಬಳದ ಅಲೋಪತಿ ಡಾಕ್ಟರು' ಮಾಡಿ ದೂರದ ಹಳ್ಳಿಗೆ ಹಾಕುವುದು ಖಾಲಿ ಹುದ್ದೆ ತುಂಬುವ ಉಪಾಯ. ಅದಕ್ಕೂ ಈ ವಿಷಯಕ್ಕೂ ಸಂಬಂಧ ಇಲ್ಲ. ಎರಡನ್ನೂ ಕಲಸಿ ಮಾತಾಡುವುದರಿಂದಲೇ ಅರ್ಧ ಗಲಾಟೆ.

ಮೂರನೆಯದು ಕಿಟ್ಟು. ಅಂಗವೈಕಲ್ಯ ತಡೆಯುವ ಅಂಗವಾಗಿ ಸರ್ಕಾರ ರೋಗಿಗಳಿಗೆ ಟಬ್ಬು, ಮಗ್ಗು, ಟವೆಲು, ಸಾಬೂನು, ಮುಲಾಮು ಇರುವ ಕಿಟ್ ಕೊಡುತ್ತದೆ. ಒಳ್ಳೆಯ ಕೆಲಸ. ಆದರೆ ಕಿಟ್ ಕೊಡುವ ದಿನ ಫೋಟೊ ಆಗುತ್ತದೆ, ಸಾಬೂನು ಮುಗಿದ ದಿನ ಯಾರೂ ಬರುವುದಿಲ್ಲ. ಬ್ಯಾಂಡೇಜು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ. ಬ್ಯಾಂಡೇಜು ತೊಳೆದು ತೊಳೆದು ಎಳೆತ ಹೋದ ಮೇಲೆ ಹೊಸದು ಬೇಕು. ಸಡಿಲ ಬ್ಯಾಂಡೇಜು ಸುತ್ತುವುದೂ ಒಂದೇ, ಸುತ್ತದೆ ಇರುವುದೂ ಒಂದೇ. ಫಾಂಟದ ಪುಡಿಗೂ ಇದೇ ಕತೆ: ಆಯುಷ್ ಡಾಕ್ಟರು ಇದ್ದರೂ ಅವರ ಕಪಾಟಿನಲ್ಲಿ ಅದು ಇರಬೇಕಲ್ಲ.

ನಾಲ್ಕನೆಯದು ಹೊತ್ತು. ದಿನಕ್ಕೆ ನೂರು ಜನ ಬರುವ ಓಪಿಡಿಯಲ್ಲಿ ಒಬ್ಬರ ಕಾಲಿಗೆ ಅರ್ಧ ಗಂಟೆ ಕೊಡುವುದು ಸಾಧ್ಯ ಇಲ್ಲ. ಕಲಿಸುವ ಕೆಲಸ ಡಾಕ್ಟರದ್ದಲ್ಲ, ನರ್ಸಿನದ್ದು, ಆಶಾ ಅವರದ್ದು. ಇಲ್ಲಿ ಆಯುಷ್ ಡಾಕ್ಟರಿಗೆ ನಿಜವಾದ ಜಾಗ ಇದೆ ಅಂತ ನನಗೆ ಅನ್ನಿಸುತ್ತದೆ. ಅವರ ಓಪಿಡಿ ಸಾಮಾನ್ಯವಾಗಿ ಅಷ್ಟು ತುಂಬಿರುವುದಿಲ್ಲ. ಮಸಾಜು, ಎಣ್ಣೆ, ಆಸನ ಕಲಿಸುವುದು ಅವರ ಓದಿನಲ್ಲೇ ಇದೆ. ವಾರಕ್ಕೆ ಒಂದು ಮಧ್ಯಾಹ್ನ ಆನೆಕಾಲು ಕ್ಲಿನಿಕ್ ಇಟ್ಟು, ಮೊದಲ ಭೇಟಿಯಲ್ಲಿ ಎಂಬಿಬಿಎಸ್ ಡಾಕ್ಟರು ಕಾಲು ನೋಡಿ ಸಹಿ ಹಾಕಿ, ಆಮೇಲಿನದನ್ನು ಆಯುಷ್ ಡಾಕ್ಟರು ಮತ್ತು ನರ್ಸು ನಡೆಸಬಹುದು. ಜ್ವರ ಬಂದರೆ ತಕ್ಷಣ ಪಕ್ಕದ ಕೋಣೆಗೆ. ಈ ಒಂದು ಷರತ್ತು ಬಹಳ ಮುಖ್ಯ: ಕೆಂಪಾಗಿ ಉರಿಯುವ ಕಾಲಿಗೆ ಮಸಾಜೂ ಇಲ್ಲ, ಬ್ಯಾಂಡೇಜೂ ಇಲ್ಲ, ಆ್ಯಂಟಿಬಯಾಟಿಕ್ ಮೊದಲು.

ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಹುದ್ದೆ ಬೇಡ. ಬೇಕಾದದ್ದು ಎರಡೂ ಕೋಣೆಗೆ ಸೇರಿದ ಒಂದು ರೋಗಿಯ ಪುಸ್ತಕ. ತಾಯಿ ಕಾರ್ಡ್ ಇದೆಯಲ್ಲ, ಗರ್ಭಿಣಿ ಎಲ್ಲಿ ಹೋದರೂ ಕೈಯಲ್ಲಿ ಹಿಡಿದು ಹೋಗುತ್ತಾರೆ, ಯಾರು ನೋಡಿದರೂ ಅದರಲ್ಲೇ ಬರೆಯುತ್ತಾರೆ. ಅಂಥದ್ದೇ ಒಂದು. ಮೂರು ತಿಂಗಳಿಗೊಮ್ಮೆ ಕಣಕಾಲು, ಮೀನಖಂಡ, ಮಂಡಿ, ಈ ಮೂರು ಕಡೆ ಟೇಪು ಹಿಡಿದು ಬರೆದ ಅಳತೆ. ಹಿಂದಿನ ಮೂರು ತಿಂಗಳಲ್ಲಿ ಎಷ್ಟು ಸಲ ಜ್ವರ ಬಂತು ಅನ್ನುವ ಒಂದು ಸಾಲು. ಇಷ್ಟು ಬರೆದಿಟ್ಟರೆ ಕಷಾಯದ ಪ್ರಶ್ನೆಗೂ ನಾಳೆ ಉತ್ತರ ಹುಡುಕಬಹುದು.

ಇನ್ನು 2027ರ ವಿಷಯ. ಮಾತ್ರೆ ವಿತರಣೆ ಗೆದ್ದು ಹರಡುವುದು ನಿಂತರೆ ಸಾಲದು. ಆನೆಕಾಲು ಸಾರ್ವಜನಿಕ ಆರೋಗ್ಯ ಸಮಸ್ಯೆಯಾಗಿ ಮುಗಿಯಿತು ಎಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಬೇಕಾದರೆ, ರೋಗಿಗಳು ಇರುವ ಪ್ರತಿ ಪ್ರದೇಶದಲ್ಲಿ ಅವರಿಗೆ ಆರೈಕೆ ಸಿಗುತ್ತಿದೆ ಅಂತ ದೇಶ ದಾಖಲೆ ಸಮೇತ ತೋರಿಸಬೇಕು. ಅಂದರೆ ಊದಿದ ಕಾಲಿನ ಲೆಕ್ಕ ಈಗ ದಯೆಯ ವಿಷಯವಾಗಿ ಉಳಿದಿಲ್ಲ, ಕಡತದ ವಿಷಯವೂ ಹೌದು. ಕಲಬುರಗಿ, ಯಾದಗಿರಿ, ಬೀದರಿನ ಜಿಲ್ಲಾ ಅಧಿಕಾರಿಗಳು ಹೇಗಿದ್ದರೂ ಆ ಕಡತ ತಯಾರಿಸಬೇಕು. ಅದೇ ಕಡತದಲ್ಲಿ ಆಯುಷ್ ಅಧಿಕಾರಿಯ ಸಹಿಗೂ ಒಂದು ಜಾಗ ಬಿಟ್ಟು, ಬ್ಯಾಂಡೇಜಿನ ಇಂಡೆಂಟನ್ನು ಯಾವ ಇಲಾಖೆ ಹಾಕಬೇಕು, ಫಾಂಟದ ಪುಡಿಯ ಇಂಡೆಂಟನ್ನು ಯಾವುದು ಹಾಕಬೇಕು ಅಂತ ಈಗಲೇ ಬರೆದುಕೊಂಡರೆ, ಕಿಟ್ಟಿನ ಸಾಬೂನು ಮುಗಿದ ಮೇಲೂ ಕೆಲಸ ನಡೆಯುತ್ತದೆ.